ದಾನಕ್ಕಿಂತ ಪಾಲನೆ ಮಿಗಿಲು

ಅರಸರ ಚರಿತ್ರೆಯನ್ನು ಬರೆದವರು ಯುದ್ಧವು ನಡೆದ ದಿನವನ್ನೂ, ಕಾದಿದ ದಂಡಿನ ಸಂಖ್ಯೆಯನ್ನೂ, ಗೆದ್ದವನ ಬಿರುದುಗಳನ್ನೂ ತಪ್ಪದೆ ಹೇಳುತ್ತಾರೆ. ದಂಡು ತುಳಿದುಹೋದ ಹೊಲದಲ್ಲಿ ಒಕ್ಕಲಿಗನು ಮತ್ತೆ ಕೂರಿಗೆ ಹೂಡಿದ ದಿನವನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಆದರೂ ಒಂದು ಸೀಮೆಯ ಜನರ ಪಾಲಿಗೆ ಯುದ್ಧವು ನಿಜವಾಗಿ ಮುಗಿಯುವುದು ಆ ದಿನವೇ. ಸಂಧಿಪತ್ರಕ್ಕೆ ಮುದ್ರೆ ಬಿದ್ದು ವರ್ಷಗಳು ಕಳೆದರೂ ಬಿತ್ತನೆಯಾಗದ ಊರಿನಲ್ಲಿ ಶಾಂತಿ ನೆಲಸಿತೆಂದು ಹೇಳುವುದು ಹೇಗೆ?

ಈ ಪ್ರಶ್ನೆಯನ್ನು ಕೇಳುವುದಕ್ಕೆ ಕರ್ಣಾಟಕದಲ್ಲಿ ಹಂಪೆಯ ಸೀಮೆಗಿಂತ ತಕ್ಕ ಸ್ಥಳವು ವಿರಳ. ತುಂಗಭದ್ರೆಯ ಬಲದಂಡೆಯ ಕಡೆಗೆ ಹೊಸಪೇಟೆ, ಹಂಪೆ, ಕಂಪ್ಲಿಗಳು ಒಂದರ ಕೆಳಗೊಂದು ಇವೆ. ಅವುಗಳ ದಕ್ಷಿಣಕ್ಕೆ ಸೊಂಡೂರಿನ ಬೆಟ್ಟಸಾಲುಗಳು ಎದ್ದಿವೆ. ಮಳೆಯು ಇಲ್ಲಿ ಕಡಿಮೆ, ನಂಬಿಗೆಯೂ ಕಡಿಮೆ. ಮಳೆಯನ್ನೇ ನೆಚ್ಚಿದ ಹೊಲದಲ್ಲಿ ಜೋಳ, ನವಣೆಗಳು ಬಂದರೆ ಬಂದಾವು. ಬತ್ತ, ಕಬ್ಬು, ಬಾಳೆಗಳಿಗೆ ಹೊಳೆಯ ನೀರೇ ಬೇಕು. ಆ ನೀರು ತಾನಾಗಿ ಬರುವುದಿಲ್ಲ. ಹೊಳೆಗೆ ಕಲ್ಲಿನ ಕಟ್ಟೆಯನ್ನು ಹಾಕಬೇಕು, ಬಂಡೆಗಳ ನಡುವೆ ಕಾಲುವೆಯನ್ನು ಕಡಿಯಬೇಕು, ವರ್ಷವರ್ಷವೂ ಹೂಳನ್ನು ಎತ್ತಬೇಕು. ಯುದ್ಧವು ಬಂದಾಗ ಎತ್ತುಗಳು ದಂಡಿನ ಬಂಡಿಗಳಿಗೆ ಹೋಗುತ್ತವೆ, ಕಣದ ಕಾಳು ಕುದುರೆಗಳ ಪಾಲಾಗುತ್ತದೆ, ಒಕ್ಕಲು ಕಾಡನ್ನು ಸೇರುತ್ತದೆ. ಹೂಳೆತ್ತುವವರಿಲ್ಲದ ಕಾಲುವೆಯಲ್ಲಿ ಜಾಲಿಯ ಗಿಡ ಏಳುತ್ತದೆ. ಆದುದರಿಂದ ಈ ಸೀಮೆಯಲ್ಲಿ ಯುದ್ಧದ ಗಾಯವನ್ನು ಮಾಯಿಸುವುದೆಂದರೆ ನೀರನ್ನು ಮರಳಿ ತರುವುದು ಎಂದೇ ಅರ್ಥ.

ಆ ಗಾಯಗಳಾದರೂ ಒಂದೆರಡಲ್ಲ. 11ನೆಯ ಶತಮಾನದ ಮಧ್ಯಭಾಗದಲ್ಲಿ ಚೋಳ ರಾಜಾಧಿರಾಜನು ಕಂಪಿಲಿಯಲ್ಲಿದ್ದ ಚಾಲುಕ್ಯರ ಅರಮನೆಯನ್ನು ಕೆಡವಿದುದನ್ನು ಅವನ ಶಾಸನಗಳೇ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. 1327ರಲ್ಲಿ ದಿಲ್ಲಿಯ ಮುಹಮ್ಮದ್ ತುಘಲಕನ ಸೈನ್ಯವು ಅದೇ ಸೀಮೆಯ ಮೇಲೆ ಬಿದ್ದಿತು. ಸುಲ್ತಾನನಿಗೆ ತಿರುಗಿಬಿದ್ದ ಅವನ ಬಂಧು ಬಹಾಉದ್ದೀನ್ ಗುರ್ಷಾಸ್ಪನಿಗೆ ಕಂಪಿಲರಾಯನು ಆಶ್ರಯವನ್ನು ಕೊಟ್ಟುದೇ ಆ ಕೋಪಕ್ಕೆ ಕಾರಣ. ಮೊರೆಹೊಕ್ಕವನನ್ನು ಒಪ್ಪಿಸಲೊಲ್ಲದೆ ರಾಯನು ಕಾದಿ ಮಡಿದನು. ಅಂತಃಪುರದ ಸ್ತ್ರೀಯರು ಬೆಂಕಿಯನ್ನು ಹೊಕ್ಕರು. ಈ ಸಂಗತಿಯನ್ನು ಇಬ್ನ್ ಬತೂತನೆಂಬ ಅರಬ್ಬೀ ಪ್ರವಾಸಿಯು ಬರೆದಿಟ್ಟಿದ್ದಾನೆ. ಕುಮಾರರಾಮನ ಹೆಸರಿನಲ್ಲಿ ಜನಪದರು ಅದನ್ನು ಶತಮಾನಗಳ ಕಾಲ ಹಾಡಿಕೊಂಡು ಬಂದಿದ್ದಾರೆ.

ಹಾಡು ವೀರನನ್ನು ಉಳಿಸಿತು. ಹೊಲವನ್ನು ಉಳಿಸಿದುದು ಬೇರೊಂದು ಶಕ್ತಿ. ಕಂಪಿಲಿಯು ಬಿದ್ದ ಕೆಲವೇ ವರ್ಷಗಳಲ್ಲಿ, ಸಂಪ್ರದಾಯವು ಹೇಳುವಂತೆ 1336ರಲ್ಲಿ, ಸಂಗಮನ ಮಕ್ಕಳು ಅದೇ ಹೊಳೆಯ ದಂಡೆಯಲ್ಲಿ ಹೊಸ ರಾಜ್ಯಕ್ಕೆ ಅಸ್ತಿಭಾರವನ್ನು ಹಾಕಿದರು. 1346ರಲ್ಲಿ ಹರಿಹರನೂ ಅವನ ತಮ್ಮಂದಿರೂ ತಮ್ಮ ವಿಜಯದ ಉತ್ಸವವನ್ನು ಶೃಂಗೇರಿಯಲ್ಲಿ ಆಚರಿಸಿದರು. ಆ ಉತ್ಸವದ ಗುರುತಾಗಿ ಇಂದಿಗೂ ಉಳಿದಿರುವುದು ಒಂದು ಭೂದಾನದ ಶಾಸನ. ಗೆದ್ದವನು ಗುರುಪೀಠದ ಮುಂದೆ ನಿಂತು ಭೂಮಿಯನ್ನು ಧಾರೆಯೆರೆದು ಕೊಡುವುದು, ಆ ಭೂಮಿಯಲ್ಲಿ ಬೆಳೆ ಬರಬೇಕಾದುದರಿಂದ ಒಕ್ಕಲನ್ನು ಕರೆತಂದು ನೆಲಸಿಸುವುದು, ನೀರಿಗಾಗಿ ಕಟ್ಟೆಯನ್ನು ಕಟ್ಟುವುದು, ಇವು ಒಂದರ ಹಿಂದೊಂದು ನಡೆಯುತ್ತಿದ್ದವು.

ಈ ಕೆಲಸಕ್ಕೆ ಧರ್ಮವು ಕೊಟ್ಟ ಪ್ರೇರಣೆಯನ್ನು ಅಲ್ಪವೆಂದು ಎಣಿಸಬಾರದು. ಮನುಷ್ಯನು ಸತ್ತ ಮೇಲೂ ಅವನ ಹೆಸರನ್ನು ಉಳಿಸುವ ಸಪ್ತಸಂತಾನಗಳಲ್ಲಿ ಮಗನ ಜೊತೆಗೆ ಕೆರೆಯೂ ಒಂದೆಂದು ಆ ಕಾಲದವರು ನಂಬಿದ್ದರು. ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು 1369ರಲ್ಲಿ ಈಗಿನ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದಾಗ, 1000 ಮಂದಿ ಕೂಲಿಗಳೂ 100 ಬಂಡಿಗಳೂ ಎರಡು ವರ್ಷ ದುಡಿದುದನ್ನು ಶಾಸನದಲ್ಲಿ ಕೊರೆಯಿಸಿದನು. ಕೆರೆಗೆ ಎಂಥ ಸ್ಥಳ ತಕ್ಕುದು, ಯಾವ ದೋಷಗಳಿಂದ ಅದು ಕೆಡುತ್ತದೆ ಎಂಬ ಶಾಸ್ತ್ರವೂ, ಅದನ್ನು ಕಟ್ಟಿಸಿದವನಿಗೆ ಬರುವ ಪುಣ್ಯವೂ ಒಂದೇ ಕಲ್ಲಿನ ಮೇಲೆ ಇವೆ. ಎಂಜಿನಿಯರನ ವಿದ್ಯೆಯನ್ನೂ ಭಕ್ತನ ನಂಬಿಕೆಯನ್ನೂ ಬೇರೆಬೇರೆಯಾಗಿ ಇಡಬೇಕೆಂದು ಆ ಕಾಲಕ್ಕೆ ತೋರಿರಲಿಲ್ಲ.

ಬುಕ್ಕರಾಯನ ಕಾಲದಲ್ಲಿಯೇ ಶಾಂತಿಯ ಇನ್ನೊಂದು ಪಾಠವೂ ನಡೆಯಿತು. 1366ರಿಂದ ಬಹಮನಿಯ ಒಂದನೆಯ ಮುಹಮ್ಮದ ಶಹನಿಗೂ ವಿಜಯನಗರಕ್ಕೂ ಬಹು ಕ್ರೂರವಾದ ಯುದ್ಧವಾಯಿತು. ಹೆಂಗಸರು ಮಕ್ಕಳೆಂದು ನೋಡದೆ ಹಳ್ಳಿಹಳ್ಳಿಗಳನ್ನು ಕೊಂದು ಬರಿದುಮಾಡಿದ ಯುದ್ಧವದು. ಕೊನೆಗೆ ಸಂಧಿಗೆಂದು ಹೋದ ರಾಯನ ದೂತರು ಸುಲ್ತಾನನೊಡನೆ ಆಡಿದ ಮಾತಿನ ಸಾರವನ್ನು ಫಿರಿಸ್ತನು ತನ್ನ ಚರಿತ್ರೆಯಲ್ಲಿ ಕೊಟ್ಟಿದ್ದಾನೆ. ಅಪರಾಧಿಯ ತಪ್ಪಿಗೆ ನಿರಪರಾಧಿಯನ್ನು ದಂಡಿಸಬೇಕೆಂದು ಯಾವ ಮತವೂ ವಿಧಿಸಿಲ್ಲ. ರಾಯನು ತಪ್ಪಿದ್ದರೂ ಬಡ ಪ್ರಜೆಗಳು ಏನು ತಪ್ಪಿದರು? ಎರಡು ರಾಜ್ಯಗಳೂ ಬಹುಕಾಲ ನೆರೆಹೊರೆಯಾಗಿಯೇ ಇರಬೇಕಾದವು. ಈ ವಾದವು ಸುಲ್ತಾನನ ಮನಸ್ಸಿಗೆ ನಾಟಿತೆಂದೂ, ಗೆದ್ದ ಮೇಲೆ ಶತ್ರುಪಕ್ಷದ ಒಬ್ಬನನ್ನೂ ಕೊಲ್ಲುವುದಿಲ್ಲವೆಂದು ಅವನು ಆಣೆಯಿಟ್ಟು ತನ್ನ ಮುಂದಿನವರನ್ನೂ ಅದಕ್ಕೆ ಕಟ್ಟುಬೀಳಿಸಿದನೆಂದೂ ಫಿರಿಸ್ತನು ಹೇಳುತ್ತಾನೆ. ಆ ಆಣೆಯನ್ನು ಮುಂದಿನವರು ಯಾವಾಗಲೂ ನಡೆಸಲಿಲ್ಲ. 15ನೆಯ ಶತಮಾನದ ಮೊದಲ ಭಾಗದಲ್ಲಿ ಅಹಮದ ಶಹನು ಮಾಡಿದ ಸಂಹಾರವನ್ನು ಅದೇ ಗ್ರಂಥಕಾರನೇ ವರ್ಣಿಸಿದ್ದಾನೆ. ಆದರೂ ಎರಡು ಮತದವರು ಎದುರುಬದುರಾಗಿ ಕುಳಿತಾಗ, ಒಕ್ಕಲಿಗನ ಪ್ರಾಣವನ್ನು ಉಳಿಸುವ ಮಾತು ಎರಡು ಕಡೆಯ ದೇವರ ಹೆಸರಿನಲ್ಲಿಯೂ ಒಪ್ಪಿಗೆಯಾಯಿತೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ಆಣೆಯು ಮಾತಿನಲ್ಲಿ ಹುಟ್ಟಿ ಮಾತಿನಲ್ಲಿ ಕರಗಬಹುದು. ಅದಕ್ಕಿಂತ ಗಟ್ಟಿಯಾದ ಕಟ್ಟು ಕನ್ನಡನಾಡಿನ ದಾನಶಾಸನಗಳ ಕೊನೆಯ ಸಾಲುಗಳಲ್ಲಿದೆ. ಭೂಮಿಯನ್ನಾಗಲಿ ಕೆರೆಯನ್ನಾಗಲಿ ಬಿಟ್ಟುಕೊಟ್ಟ ಶಾಸನವು ಬಹುಮಟ್ಟಿಗೆ ಮುಗಿಯುವುದು ಒಂದು ಎಚ್ಚರಿಕೆಯೊಂದಿಗೆ. ಕೊಡುವುದು, ಕೊಟ್ಟುದನ್ನು ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ದೊಡ್ಡದು. ಸ್ವದತ್ತಕ್ಕಿಂತ ಪರದತ್ತವನ್ನು ಪಾಲಿಸಿದವನಿಗೆ ಇಮ್ಮಡಿ ಪುಣ್ಯ. ಅಪಹರಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ. ಇದನ್ನು ಬರಿಯ ವಾಡಿಕೆಯ ಮಾತೆಂದು ಓದಿ ಬಿಡುವವರೇ ಹೆಚ್ಚು. ಆದರೆ ಅದು ಯಾರಿಗೆ ಹೇಳಿದ ಮಾತು? ಮುಂದೆ ಬರುವ ಅರಸನಿಗೆ, ಒಂದು ವೇಳೆ ಶತ್ರುವಾಗಿಯೇ ಬರುವ ಅರಸನಿಗೆ. ಹಿಂದಿನವನನ್ನು ನೀನು ಗೆದ್ದಿರಬಹುದು, ಅವನು ಕೊಟ್ಟ ಹೊಲವನ್ನೂ ನೀರನ್ನೂ ಕೆಡಿಸಬೇಡ ಎಂಬ ಬೇಡಿಕೆಯನ್ನು ಪುಣ್ಯಪಾಪಗಳ ಭಾಷೆಯಲ್ಲಿ ಅದು ಮುಂದಿಡುತ್ತದೆ. ನ್ಯಾಯಸ್ಥಾನವಾಗಲಿ ಪೋಲೀಸಾಗಲಿ ಇಲ್ಲದ ಕಾಲದಲ್ಲಿ, ಗೆದ್ದವನ ಕೈಯನ್ನು ಹಿಡಿಯಲು ಬಡವನ ಬಳಿಯಿದ್ದ ಕಾನೂನು ಅದೊಂದೇ.

ಕಾಪಾಡುವುದಕ್ಕೆ ಬರಿಯ ಭಯ ಸಾಲದು, ದುಡ್ಡೂ ಬೇಕು. ಅದನ್ನೂ ಹಿಂದಿನವರು ಯೋಚಿಸಿದ್ದರು. ಕೆರೆಯನ್ನು ಕಟ್ಟಿದವನಿಗೆ ಅಥವಾ ರಿಪೇರಿ ಮಾಡಿದವನಿಗೆ ಕೆರೆಯ ಕೆಳಗಿನ ಭೂಮಿಯಲ್ಲಿ ಒಂದು ಭಾಗವನ್ನು ಕಟ್ಟುಕೊಡಗೆಯೆಂದೋ ದಸವಂದವೆಂದೋ ಬಿಟ್ಟುಕೊಡುತ್ತಿದ್ದರು. ಆ ಭೂಮಿಯ ಹುಟ್ಟುವಳಿಯಿಂದ ಕೆರೆಯ ಹೂಳೂ ಏರಿಯೂ ನೋಡಿಕೊಳ್ಳಲ್ಪಡಬೇಕು. ತೂಬನ್ನು ತೆರೆದು ಮುಚ್ಚಿ ನೀರನ್ನು ಹಂಚುವ ನೀರುಗಂಟಿಗೆ ಊರಿನ ಬೆಳೆಯಲ್ಲಿ ಪಾಲಿತ್ತು. ಹರಿಹರದಲ್ಲಿ 1410ರಲ್ಲಿ ಹರಿದ್ರಾ ಹೊಳೆಗೆ ಕಟ್ಟೆಯನ್ನು ಹಾಕಿ ದೇವರ ಭೂಮಿಯಲ್ಲಿ ಕಾಲುವೆಯನ್ನು ತೆಗೆದಾಗ, ನೀರು ಬಿದ್ದ ಗದ್ದೆಯಲ್ಲಿ ಎರಡು ಪಾಲು ಹರಿಹರದೇವರಿಗೆ, ಒಂದು ಪಾಲು ಸ್ವಂತ ಖರ್ಚಿನಿಂದ ಕಟ್ಟೆಯನ್ನು ಕಟ್ಟಿದ ಬ್ರಾಹ್ಮಣರಿಗೆ ಎಂದು ಕರಾರಾಯಿತು. ಆ ಕಟ್ಟೆಯು ಒಡೆಯಿತು. 1424ರಲ್ಲಿ ಅದನ್ನು ಮರಳಿ ಕಟ್ಟಿಸಿದವನು ಸೇನಾನಾಯಕನಾದ ಚಾಮನೃಪನು. ಕತ್ತಿಯನ್ನು ಹಿಡಿದ ಕೈಯೇ ಒಡೆದ ಕಟ್ಟೆಯನ್ನು ಕಟ್ಟಿಸಿದುದನ್ನು ಆ ಎರಡನೆಯ ಶಾಸನವು ಮೊದಲನೆಯದರಷ್ಟೇ ಗೌರವದಿಂದ ಹೇಳುತ್ತದೆ.

ಕೃಷ್ಣದೇವರಾಯನ ಕಾಲಕ್ಕೆ ಬಂದರೆ ಈ ಧರ್ಮದ ಬೆಳಕನ್ನೂ ಕತ್ತಲೆಯನ್ನೂ ಒಟ್ಟಿಗೆ ನೋಡಬಹುದು. ರಾಜ್ಯವು ಚಿಕ್ಕದಾಗಿದ್ದರೂ ಕೆರೆಕಾಲುವೆಗಳನ್ನು ಮಾಡಿಸಿ ಬಡ ಒಕ್ಕಲಿಗೆ ತೆರಿಗೆಯಲ್ಲಿ ರಿಯಾಯಿತಿ ತೋರಿಸಿದರೆ ಅರ್ಥವೂ ಧರ್ಮವೂ ಬೆಳೆಯುತ್ತವೆಂದು ರಾಯನು ತನ್ನ ‘ಆಮುಕ್ತಮಾಲ್ಯದ’ದಲ್ಲಿ ಹೇಳಿದ್ದಾನೆ. ಕಷ್ಟಕ್ಕೆ ಸಿಕ್ಕಿ ಊರು ಬಿಟ್ಟುಹೋದ ಪ್ರಜೆಯನ್ನು ಮರಳಿ ಕರೆಯದೆ, ಅವನ ದನವನ್ನೂ ಕಾಳನ್ನೂ ಮಾರಿಕೊಂಡು ಅವನ ಮನೆಯ ತೊಲೆಗಳನ್ನು ಸೌದೆಗೆ ಬಳಸುವ ಅಧಿಕಾರಿಯಿದ್ದ ಅರಸನು ಏಳು ದ್ವೀಪಗಳನ್ನು ಗೆದ್ದರೂ ಏಳಿಗೆಯಾಗನೆಂಬ ಅಭಿಪ್ರಾಯವೂ ಅಲ್ಲಿದೆ. ಶ್ರೀವೈಷ್ಣವ ಭಕ್ತಿಯ ಕಾವ್ಯದ ಒಳಗೆ, ಯುದ್ಧದಿಂದ ಚದರಿದ ಒಕ್ಕಲನ್ನು ಮರಳಿ ತರುವ ನೀತಿಯು ಹೀಗೆ ಸೇರಿಕೊಂಡಿದೆ.

ಕಾವ್ಯದಲ್ಲಿ ಹೇಳಿದುದನ್ನು ರಾಯನು ಹೊಸಪೇಟೆಯ ಬಳಿ ಮಾಡಿಯೂ ತೋರಿಸಿದನು. ಗಜಪತಿಯೊಡನೆ ಪೂರ್ವದಿಕ್ಕಿನ ಯುದ್ಧಗಳು ಮುಗಿದ ಮೇಲೆ ಅವನು ನಾಗಲಾಪುರವೆಂಬ ಹೊಸ ಊರನ್ನು ಕಟ್ಟಿಸಿ, ಅದರ ಬಳಿ ಎರಡು ಬೆಟ್ಟಸಾಲುಗಳ ನಡುವಣ ಕಣಿವೆಯ ಬಾಯಿಗೆ ಅಡ್ಡಲಾಗಿ ಭಾರಿಯ ಏರಿಯನ್ನು ಹಾಕಿಸಿದನೆಂದು ಪೋರ್ತುಗೀಸ ವರ್ತಕನಾದ ನೂನಿಜನು ಬರೆದಿದ್ದಾನೆ. ಆ ಊರೇ ಇಂದಿನ ಹೊಸಪೇಟೆ. ಈ ಕೆಲಸಕ್ಕೆ ಜೋಆನ್ ದೆ ಲಾ ಪೊಂತೆಯೆಂಬ ಪೋರ್ತುಗೀಸ ಕಲ್ಲುಕೆಲಸದವನ ಸಹಾಯವನ್ನೂ ಪಡೆದರು. ಸುಮಾರು 1520ರಲ್ಲಿ ಬಂದ ಪಾಯೆಸನು 15,000ದಿಂದ 20,000 ಜನರು ಇರುವೆಗಳಂತೆ ಮುತ್ತಿಕೊಂಡು ದುಡಿಯುತ್ತಿದ್ದುದನ್ನು ಕಣ್ಣಾರೆ ಕಂಡನು. ಕೆರೆಯು ತುಂಬಿದ ಬಳಿಕ, ಅದರ ನೀರು ಬೀಳುವ ಭೂಮಿಯನ್ನು ಒಕ್ಕಲು ಸಾಗುವಳಿಗೆ ತರಲೆಂದು ರಾಯನು ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟನು. ಆ ಮೇಲೆ ಅದರ ಹುಟ್ಟುವಳಿ 20,000 ಪರ್ದಾವು, ಎಂದರೆ ವರಹಗಳಿಗೆ ಏರಿತೆಂದು ನೂನಿಜನ ಲೆಕ್ಕ. ಬೀಳುನೆಲವನ್ನು ಗದ್ದೆ ಮಾಡಲು ಎಷ್ಟು ವರ್ಷ ಬೇಕೆಂಬುದನ್ನು ಬಲ್ಲವನು ಮಾತ್ರ ಒಂಬತ್ತು ವರ್ಷದ ಮಾಫಿಯನ್ನು ಕೊಡಬಲ್ಲನು.

ಆದರೆ ಅದೇ ಏರಿಯ ಬುಡದಲ್ಲಿ ರಕ್ತವೂ ಇದೆ. ಏರಿಯು ಎರಡು ಮೂರು ಬಾರಿ ಒಡೆದುಹೋಗಲು, ದೇವರು ಮನುಷ್ಯರ, ಕುದುರೆಗಳ, ಕೋಣಗಳ ಬಲಿಯನ್ನು ಬೇಡುತ್ತಾನೆಂದು ರಾಯನಿಗೆ ಹೇಳಿದರು. 60 ಮಂದಿಯ ತಲೆಗಳನ್ನು ದೇವಾಲಯದ ಬಾಗಿಲಲ್ಲಿ ಹೊಡೆಯಿಸಿದರು. ಇದು ಪಾಯೆಸನ ಹೇಳಿಕೆ. ಕೊಲ್ಲಲ್ಪಟ್ಟವರು ಮರಣದಂಡನೆಗೆ ಗುರಿಯಾಗಿದ್ದ ಸೆರೆಯಾಳುಗಳೆಂದು ನೂನಿಜನು ಹೇಳುತ್ತಾನೆ. ಪರದೇಶಿಗಳ ಮಾತೆಂದು ಇದನ್ನು ತಳ್ಳಿಹಾಕಲು ಮನಸ್ಸಾಗಬಹುದು. ಆದರೆ ಒಂಬತ್ತು ವರ್ಷದ ಮಾಫಿಯ ಸಂಗತಿಯನ್ನು ಅದೇ ಪರದೇಶಿಯಿಂದ ಸಂತೋಷದಿಂದ ಸ್ವೀಕರಿಸಿ, ಬಲಿಯ ಸಂಗತಿಯನ್ನು ಮಾತ್ರ ಬಿಡುವುದು ಚರಿತ್ರಕಾರನ ನ್ಯಾಯವಲ್ಲ. ಹೊಲಕ್ಕೆ ನೀರನ್ನು ತರುವ ನಂಬಿಕೆಯೇ ಏರಿಗೆ ನರಬಲಿಯನ್ನೂ ಕೇಳಬಲ್ಲುದು. ಯಾವ ನಂಬಿಕೆಯೇ ಆಗಲಿ, ಅದು ಬಡವನ ಹೊಟ್ಟೆಯನ್ನು ತುಂಬಿಸಿತೇ ಅಥವಾ ಅವನ ಕತ್ತನ್ನು ಕೇಳಿತೇ ಎಂದು ವಿಚಾರಿಸಿಯೇ ಅದಕ್ಕೆ ಬೆಲೆ ಕಟ್ಟಬೇಕು.

ಅದೇ ರಾಯನ ಗುರುಸ್ಥಾನದಲ್ಲಿದ್ದ ವ್ಯಾಸರಾಯರ ಹೆಸರಿನೊಂದಿಗೆ ಸೇರಿರುವ ಕೆರೆಯ ಕಥೆಯು ಇದಕ್ಕೆ ಎದುರಾಗಿ ನಿಲ್ಲುತ್ತದೆ. 1526ರಲ್ಲಿ ರಾಯನು ಅವರಿಗೆ ಬೆಟ್ಟಕೊಂಡವೆಂಬ ಗ್ರಾಮವನ್ನು ದಾನಮಾಡಿದನು. ಈಗಿನ ಆಂಧ್ರಪ್ರದೇಶದ ಮದನಪಲ್ಲಿಯ ಕಡೆಯ ಆ ಸ್ಥಳದಲ್ಲಿ ಯತಿಗಳು ಕಟ್ಟಿಸಿದ ಕೆರೆಗೆ ವ್ಯಾಸಸಮುದ್ರವೆಂದು ಹೆಸರು. ಕೆರೆಯ ಕೆಲಸ ನಡೆಯುತ್ತಿದ್ದಾಗ ನೀರಿಗೆ ಅಡ್ಡವಾದ ಹೆಬ್ಬಂಡೆಯನ್ನು ಯಾರಿಂದಲೂ ಕದಲಿಸಲಾಗಲಿಲ್ಲವೆಂದು ದಾಸರ ಸಂಪ್ರದಾಯದ ಐತಿಹ್ಯ ಹೇಳುತ್ತದೆ. ಮಂತ್ರೋಪದೇಶವನ್ನು ಬೇಡಿ ಬಂದ ಕನಕದಾಸನಿಗೆ, ಕುರುಬನಿಗೆ ಇನ್ನಾವ ಮಂತ್ರವೆಂದು, ಕೋಣನ ಹೆಸರೇ ಮಂತ್ರವಾಗಿ ಸಿಕ್ಕಿತಂತೆ. ಅದನ್ನೇ ಭಕ್ತಿಯಿಂದ ಜಪಿಸಿದ ಅವನಿಗೆ ಯಮನ ಕೋಣವೇ ಒಲಿದುಬಂದು ಬಂಡೆಯನ್ನು ಒತ್ತರಿಸಿತಂತೆ. ಐತಿಹ್ಯವನ್ನು ಇತಿಹಾಸವೆಂದು ಯಾರೂ ಓದಬೇಕಾಗಿಲ್ಲ. ಆದರೆ ಅದನ್ನು ಹೇಳಿಕೊಂಡು ಬಂದ ಜನರ ಮನಸ್ಸು ಅದರಲ್ಲಿ ಕಾಣುತ್ತದೆ. ರಾಯನ ಕೆರೆಯಲ್ಲಿ ಕೋಣವನ್ನು ಕಡಿದರು. ದಾಸನ ಕಥೆಯಲ್ಲಿ ಕೋಣವು ತಾನೇ ಬಂದು ದುಡಿಯಿತು.

ಕನಕದಾಸನು ಪೂರ್ವಾಶ್ರಮದಲ್ಲಿ ದಂಡನಾಯಕನಾಗಿದ್ದು, ಯುದ್ಧದಲ್ಲಿ ಗಾಯಗೊಂಡ ಮೇಲೆ ಕತ್ತಿಯನ್ನು ಬಿಟ್ಟು ದಾಸನಾದನೆಂಬುದೂ ಸಂಪ್ರದಾಯದ ಮಾತೇ. ಅವನ ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಬತ್ತಕ್ಕೂ ವಾದ ಹುಟ್ಟಿ, ಶ್ರೀರಾಮನ ಸಭೆಯಲ್ಲಿ ಬಡವರ ಕಾಳಾದ ರಾಗಿಯೇ ಗೆಲ್ಲುತ್ತದೆ. ಕಾದಾಟವನ್ನು ಕಂಡುಬಂದವನು ಕೊನೆಗೆ ತೂಗಿ ನೋಡಿದುದು ಕಾಳನ್ನು. ದೇವರ ಗದ್ದೆಯ ಬತ್ತವು ಯಾರ ಮನೆಗೆ ಹೋಗುತ್ತಿತ್ತು, ಗದ್ದೆಯಲ್ಲಿ ಬಗ್ಗಿದವನಿಗೆ ಏನು ಉಳಿಯುತ್ತಿತ್ತು ಎಂಬ ಪ್ರಶ್ನೆಯನ್ನು ಶಾಸನಗಳು ಎತ್ತುವುದಿಲ್ಲ. ಈ ಕುರುಬ ಕವಿಯ ಕಾವ್ಯವು ಆ ಪ್ರಶ್ನೆಯ ಹತ್ತಿರಕ್ಕಾದರೂ ಕೊಂಡೊಯ್ಯುತ್ತದೆ.

1565ರ ಜನವರಿ 23ರಂದು ರಕ್ಕಸಗಿ–ತಂಗಡಗಿಯ ಯುದ್ಧವು ನಡೆದು ವಿಜಯನಗರವು ಸೂರೆಹೋಯಿತು. ತಿರುಮಲರಾಯನು ಪಟ್ಟಣವನ್ನು ಮರಳಿ ಎಬ್ಬಿಸಲು ನೋಡಿ, ಸಾಧ್ಯವಾಗದೆ ಪೆನುಗೊಂಡೆಗೆ ಹೋದನು. 1567ರಲ್ಲಿ ಬಂದು ಏಳು ತಿಂಗಳು ಇಲ್ಲಿ ತಂಗಿದ ಇತಾಲಿಯ ಸೀಸರ್ ಫ್ರೆಡರಿಕನು ಮನೆಗಳು ನಿಂತೇ ಇದ್ದುದನ್ನೂ, ಒಳಗೆ ಹುಲಿ ಮೊದಲಾದ ಕಾಡುಮೃಗಗಳು ವಾಸವಾಗಿದ್ದುದನ್ನೂ ಹೇಳಿದ್ದಾನೆ. ಅರಮನೆಯ ಕಥೆ ಅಲ್ಲಿಗೆ ಮುಗಿಯಿತು. ಹಂಪೆಯನ್ನು ನೋಡಲು ಬರುವವರು ಮುರಿದ ವಿಗ್ರಹಗಳ ಮುಂದೆ ನಿಂತು ನಿಟ್ಟುಸಿರಿಡುತ್ತಾರೆ. ಅದೇ ವಿಗ್ರಹಗಳ ಪಕ್ಕದಲ್ಲಿ ಹಸುರಾಗಿ ನಿಂತ ಬಾಳೆಯ ತೋಟವನ್ನು ಅವರು ನೋಡಿಯೂ ನೋಡುವುದಿಲ್ಲ. ತುರ್ತು ಕಾಲುವೆಯು ಪಾಳುಬಿದ್ದ ಪಟ್ಟಣದ ನಡುವೆ ಇಂದಿಗೂ ಹರಿಯುತ್ತಿದೆ. ಕೃಷ್ಣರಾಯನ ಹೆಸರಿನ 1521ರ ಶಾಸನವುಳ್ಳ ಬಸವಣ್ಣ ಕಾಲುವೆಯೂ, ರಾಯ, ಬೆಲ್ಲ, ಕಾಳಘಟ್ಟ, ರಾಮಸಾಗರ, ಕಂಪ್ಲಿಯ ಕಾಲುವೆಗಳೂ ಸಿಂಹಾಸನವು ಹೋದ ಮೇಲೆ ನಾಲ್ಕೂವರೆ ಶತಮಾನ ಬದುಕಿ ಬಂದಿವೆ.

ಇವುಗಳನ್ನು ಉಳಿಸಿದವರು ಯಾರು? 1565ರ ಅನಂತರ ಈ ಸೀಮೆಯು ವಿಜಾಪುರದವರು, ಪಾಳೆಯಗಾರರು, ಮೊಗಲರು, ಮರಾಠರು, ಹೈದರ್ ಮತ್ತು ಟೀಪು, ನಿಜಾಮ ಇವರ ಕೈಯಿಂದ ಕೈಗೆ ಹೋಯಿತು. ಬಂದವರಲ್ಲಿ ಸುಲಿದವರೂ ಇದ್ದರು. ಆದರೆ ಕಾಲುವೆಯನ್ನು ಕೆಡಿಸಿದರೆ ಕಂದಾಯವೂ ಕೆಡುವುದೆಂಬ ಲೆಕ್ಕವು ಎಲ್ಲರಿಗೂ ತಿಳಿದಿತ್ತು. ಪರದತ್ತವನ್ನು ಕಾಯ್ದರೆ ಪುಣ್ಯವೆಂಬ ಮಾತು ಒಂದು ಮತದ ಗಡಿಯನ್ನು ದಾಟಿಯೂ ನಡೆಯಿತು. ಇದೇ ತುಂಗಭದ್ರೆಯ ಕೆಳಗಣ ಮಂಚಾಲೆಯ ಗ್ರಾಮವನ್ನು ಆದವಾನಿಯ ಅಧಿಕಾರಿಯಾದ ಸಿದ್ದಿ ಮಸೂದ್ ಖಾನನು ರಾಘವೇಂದ್ರಸ್ವಾಮಿಗಳಿಗೆ ಬಿಟ್ಟುಕೊಟ್ಟನೆಂದು ಮಠದ ಸಂಪ್ರದಾಯವು ಹೇಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹೂಳನ್ನು ಎತ್ತಿದ ಒಕ್ಕಲೂ ತೂಬನ್ನು ಕಾಯ್ದ ನೀರುಗಂಟಿಯೂ ತಮ್ಮ ಕೆಲಸವನ್ನು ಬಿಡಲಿಲ್ಲ. ಅವರ ಹೆಸರುಗಳು ಯಾವ ಶಾಸನದಲ್ಲಿಯೂ ಸೇರಲಿಲ್ಲ.

1792 ಮತ್ತು 1799ರ ಸಂಧಿಗಳಿಂದ ನಿಜಾಮನ ಪಾಲಿಗೆ ಬಂದಿದ್ದ ಈ ಪ್ರಾಂತವು 1800ರಲ್ಲಿ ಇಂಗ್ಲಿಷ್ ಕಂಪನಿಗೆ ಸೇರಿ ದತ್ತ ಮಂಡಲಗಳೆಂದು ಹೆಸರಾಯಿತು. ಮೊದಲ ಮುಖ್ಯ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ ಸಾಹೇಬನಿಗೆ ಕಂಡುದು ಸುಮಾರು 80 ಮಂದಿ ಪಾಳೆಯಗಾರರ ಹಾವಳಿ, ಬೀಳುಬಿದ್ದ ಹೊಲಗಳು. ಅವನು ಪಾಳೆಯಗಾರರನ್ನು ಸೈನ್ಯದ ಬಲದಿಂದಲೇ ಅಡಗಿಸಿದನು. ಬಳಿಕ ಏಳು ವರ್ಷ ಊರೂರು ತಿರುಗಿ ರೈತರೊಡನೆ ಕಂದಾಯದ ಒಪ್ಪಂದಗಳನ್ನು ಮಾಡಿಕೊಂಡನು. ಬಿತ್ತನೆಗೂ ಎತ್ತಿಗೂ ತಗಾವಿ ಸಾಲವನ್ನು ಕೊಡಿಸಿದನು. ದೇವಸ್ಥಾನ, ಮಸೀದಿಗಳ ಇನಾಮುಗಳನ್ನೂ ಕೆರೆಗಳ ದಸವಂದದ ಇನಾಮುಗಳನ್ನೂ ಬಹುಮಟ್ಟಿಗೆ ಹಿಂದಿನಂತೆಯೇ ನಡೆಸಿದರು. ತಾನು ಹಾಕಿದ ಕಂದಾಯವೇ ಭಾರವೆಂದು ಕಂಡು, 1807ರಲ್ಲಿ ಅದರ ನಾಲ್ಕನೆಯ ಒಂದು ಭಾಗವನ್ನು, ಕೆರೆ ಬಾವಿಗಳ ಭೂಮಿಗೆ ಮೂರನೆಯ ಒಂದು ಭಾಗವನ್ನು ತಗ್ಗಿಸಬೇಕೆಂದು ಅವನು ಬರೆದನು. ಮೇಲಿನವರು ಒಪ್ಪಲಿಲ್ಲ. 1820ರಲ್ಲಿ ತಾನೇ ಮದ್ರಾಸಿನ ಗವರ್ನರನಾಗಿ ಬಂದ ಮೇಲೆ ಅವನು ಅದನ್ನು ಜಾರಿಗೆ ತಂದನು. ಅಷ್ಟು ವರ್ಷ ಆ ಭಾರವನ್ನು ರೈತರು ಹೊತ್ತಿದ್ದರೆಂಬುದನ್ನು ಮರೆಯುವಂತಿಲ್ಲ.

ಇದೇ ಮನ್ರೋವಿನ ಕಾಲದಲ್ಲಿ ಸೊಂಡೂರು ಒಂದು ಯುದ್ಧದಿಂದ ಪಾರಾಯಿತು. ಬೆಟ್ಟಗಳ ನಡುವಣ ಆ ಕಣಿವೆಯನ್ನು ಘೋರ್ಪಡೆ ಮನೆತನದ ಶಿವರಾಯನು ಆಳುತ್ತಿದ್ದನು. ಅಲ್ಲಿನ ಕುಮಾರಸ್ವಾಮಿಯ ದೇವಾಲಯವು ಬಹು ಪುರಾತನವಾದ ಯಾತ್ರಾಸ್ಥಳ. 1815ರಲ್ಲಿ ಪೇಶವೆ ಎರಡನೆಯ ಬಾಜೀರಾಯನು ಸ್ವಾಮಿಯ ದರ್ಶನಕ್ಕೆಂದು ದೊಡ್ಡ ದಂಡಿನೊಡನೆ ಬಂದನು; ಸೊಂಡೂರನ್ನು ಕಸಿಯುವ ಉದ್ದೇಶವು ಯಾತ್ರೆಯ ಮರೆಯಲ್ಲಿತ್ತು. ಶಿವರಾಯನು ಕಣಿವೆಯ ದಾರಿಗಳನ್ನು ಕಟ್ಟಿದನು. ಪೇಶವೆಯು ಕಂಪನಿಯ ನೆರವನ್ನು ಬೇಡಿದುದರಿಂದ 1817ರಲ್ಲಿ ಮನ್ರೋ ಸಾಹೇಬನೇ ಸೈನ್ಯದೊಡನೆ ಬರಬೇಕಾಯಿತು. ಶಿವರಾಯನು ಕಾದಲಿಲ್ಲ; ಕೋಟೆಯನ್ನು ಒಪ್ಪಿಸಿ ಹೊರಟುಹೋದನು. ಪೇಶವೆಯ ಅಧಿಕಾರವು ಮುರಿದುಬಿದ್ದ ಮೇಲೆ, 1818ರಲ್ಲಿ, ಮನ್ರೋವಿನ ಶಿಫಾರಸಿನಿಂದ ಸೊಂಡೂರು ಅವನಿಗೆ ಮರಳಿ ಬಂದಿತು. 1826ರಲ್ಲಿ ಸನ್ನದೂ ದೊರೆಯಿತು. ಯಾತ್ರೆಯ ಹೆಸರಿನಲ್ಲಿ ದಂಡು ಬರಬಹುದೆಂಬುದನ್ನು ಈ ಪ್ರಸಂಗವು ತೋರಿಸುತ್ತದೆ. ಒಬ್ಬ ಅರಸನು ತನ್ನ ಮಾನವನ್ನು ಹಿಂದಿಕ್ಕಿದುದರಿಂದ ಕಣಿವೆಯ ಹೊಲಗಳು ಸುಡದೆ ಉಳಿದವೆಂಬುದೂ ಇದರಲ್ಲಿಯೇ ಇದೆ. ಸೊಂಡೂರು ಸಂಸ್ಥಾನವು 1949ರಲ್ಲಿ ಮದ್ರಾಸ್ ಪ್ರಾಂತದಲ್ಲಿ ವಿಲೀನವಾಗುವವರೆಗೆ ನಡೆಯಿತು.

ಮುಂದಿನ ಕಾಲದಲ್ಲಿ ಕಾಲುವೆಗಳು ಸರಕಾರದ ಇಲಾಖೆಯ ವಶಕ್ಕೆ ಬಂದುವು. ಪುಣ್ಯದ ಲೆಕ್ಕವು ರಿಪೇರಿಯ ಅಂದಾಜುಪಟ್ಟಿಯಾಯಿತು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಸ್ತಿಭಾರವಾಗಿ 1953ರಲ್ಲಿ ನೀರು ನಿಂತಿತು. ಆಗ ನಾರಾಯಣದೇವರಕೆರೆ ಮೊದಲಾದ ಊರುಗಳೂ ವಿಜಯನಗರದ ಕಾಲದ ಕೆಲವು ಕಟ್ಟೆಗಳೂ ಮುಳುಗಿದವು. ನೀರಿಗಾಗಿ ತಮ್ಮ ನೆಲವನ್ನು ಬಿಟ್ಟುಕೊಟ್ಟ ಆ ಊರುಗಳವರನ್ನು ಕೆಳಗಿನ ಗದ್ದೆಗಳು ನೆನೆಯಬೇಕು. ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು. ಒಂದು ಕಾಲಕ್ಕೆ ರಾಯರೂ ಸುಲ್ತಾನರೂ ಕಾದಾಡಿದ ಇದೇ ಹೊಳೆಯ ನೀರನ್ನು ಕರ್ನಾಟಕ, ಆಂಧ್ರ, ತೆಲಂಗಾಣಗಳು ಇಂದು ಲೆಕ್ಕದ ಪುಸ್ತಕವನ್ನು ಹಿಡಿದು ಹಂಚಿಕೊಳ್ಳುತ್ತಿವೆ. ವಾದಗಳು ಉಂಟು; ಅವು ನ್ಯಾಯಮಂಡಳಿಯ ಮುಂದೆ ನಡೆಯುತ್ತವೆ.

2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 19ನೆಯ ಗೇಟಿನ ಸರಪಳಿಯು ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ್ದ ನೀರು ಹೊಳೆಗೆ ಹರಿಯತೊಡಗಲು, ಕೆಳಗಿನ ಲಕ್ಷಾಂತರ ಎಕರೆಗಳ ರೈತರು ಕಂಗೆಟ್ಟರು. ಹರಿಯುವ ನೀರಿನಲ್ಲಿಯೇ ಒಂದು ವಾರದೊಳಗೆ ತಾತ್ಕಾಲಿಕವಾದ ಗೇಟನ್ನು ಇಳಿಸಿ ನೀರನ್ನು ನಿಲ್ಲಿಸಿದರು. ಅಣೆಕಟ್ಟನ್ನು ಕಟ್ಟಿಸಿದವರ ಹೆಸರುಗಳು ಕಲ್ಲಿನ ಮೇಲಿವೆ; ಆ ವಾರ ಜನರಿಗೆ ಬೇಕಾದವರು ಅದನ್ನು ಉಳಿಸಬಲ್ಲ ಕೈಗಳು. ಕೊಟ್ಟವನಿಗಿಂತ ಕಾಯ್ದವನು ದೊಡ್ಡವನೆಂದು ಹಳೆಯ ಶಾಸನಕಾರರು ಏಕೆ ಅಷ್ಟು ಬಾರಿ ಕೊರೆದರೆಂಬುದು ಆಗ ಹಲವರಿಗೆ ಹೊಳೆದಿರಬಹುದು.

ಅರಸರು ಹೋದರು, ಅವರ ಮತಗಳ ಮೇಲಾಟವೂ ಹೋಯಿತು. ಕಂಪ್ಲಿಯ ಗದ್ದೆಯಲ್ಲಿ ಇಂದು ನಾಟಿ ಮಾಡುವವರಿಗೆ ತಮ್ಮ ಕಾಲುವೆಯನ್ನು ಕಡಿಸಿದವನ ಬಿರುದುಗಳು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಮೇಲಿನವನು ಬಿಟ್ಟ ನೀರನ್ನು ಕೆಡಿಸದೆ ಕೆಳಗಿನವನಿಗೆ ಬಿಡಬೇಕೆಂಬ ನಿಯಮವೊಂದು ಅವರಿಗೆ ಗೊತ್ತಿದ್ದರೆ ಸಾಕು. ಆ ನಿಯಮವು ನಡೆಯುವವರೆಗೆ ಈ ಸೀಮೆಯಲ್ಲಿ ಕಂಪಿಲರಾಯನ ಕಾಲದ ಬೆಂಕಿ ಮತ್ತೆ ಹೊತ್ತಲಾರದು.